ಮುಂದಿನ ಸೀಟಿನ ಅಣ್ಣ

ಜೆಜು ವಿಮಾನ ನಿಲ್ದಾಣದ ಹೊರಗೆ ಬಿಳಿ ವ್ಯಾನೊಂದು ಬಂದು ನಿಂತಾಗ ದಾಲ್ಸುವಿನ ಕಣ್ಣು ಮೊದಲು ಬಿದ್ದದ್ದು ಡ್ರೈವರ್ ಪಕ್ಕದ ಸೀಟಿನ ಮೇಲೆ. ಆಹಾ, ಎಂಥ ಸೀಟು! ಎದುರಿಗೆ ಅಗಲವಾದ ಗಾಜು, ಕಾಲು ಚಾಚಲು ಧಾರಾಳ ಜಾಗ, ಇಡೀ ದ್ವೀಪವೇ ಬಂದು ಮಡಿಲಲ್ಲಿ ಕೂರುವಂತಿತ್ತು. ಅವನು ಒಂದು ಹೆಜ್ಜೆ ಮುಂದಿಟ್ಟ, ಅಷ್ಟೆ. ಅಷ್ಟರಲ್ಲಿ ಪಾನ್ಸೊಕ್ ಬಾಗಿಲು ತೆಗೆದು, ಹತ್ತಿ, ಬೆಲ್ಟ್ ಬಿಗಿದುಕೊಂಡು, ತನ್ನ ಚೀಲವನ್ನು ಕಿಟಕಿಯಿಂದ ಹೊರಗೆ ಚಾಚಿ, "ದಾಲ್ಸು, ಇದನ್ನ ಸ್ವಲ್ಪ ಹಿಂದೆ ಇಟ್ಕೊಳ್ಳೋ" ಎಂದೂ ಆಗಿತ್ತು.

ದಾಲ್ಸು ಇಟ್ಟುಕೊಂಡ. ಏನು ಮಾಡುವುದು? ಹೇಳಿದವನು ಅಣ್ಣ.

ಒಡಹುಟ್ಟಿದ ಅಣ್ಣನೇನಲ್ಲ. ಮೀಸೆ ಚಿಗುರುವ ಕಾಲದಲ್ಲಿ ಇಬ್ಬರೂ ತೆಬೆಕ್ ಊರಿನ ಕಲ್ಲಿದ್ದಲ ಗಣಿಗೆ ಕೆಲಸಕ್ಕೆ ಸೇರಿ ಒಂದೇ ಕೋಣೆಯಲ್ಲಿ ಬಿದ್ದುಕೊಂಡವರು. ಮೊದಲ ದಿನವೇ ಎಲ್ಲರೂ ಕೇಳುವ ಪ್ರಶ್ನೆಯನ್ನು ಇವರೂ ಕೇಳಿಕೊಂಡರು: ನೀನು ಯಾವ ಪ್ರಾಣಿಯ ವರ್ಷದಲ್ಲಿ ಹುಟ್ಟಿದ್ದು? ದಾಲ್ಸು ಕುದುರೆ ಎಂದ. ಪಾನ್ಸೊಕ್ ಹಾವು ಎಂದ. ವರ್ಷಕ್ಕೊಂದರಂತೆ ಬರುವ ಹನ್ನೆರಡು ಪ್ರಾಣಿಗಳ ಸರದಿಯಲ್ಲಿ ಹಾವಿನ ವರ್ಷ ಮುಗಿದ ಮೇಲೆ ತಾನೇ ಕುದುರೆಯ ವರ್ಷ ಬರುವುದು? ಅಲ್ಲಿಗೆ ಕಥೆ ಮುಗಿಯಿತು. ಒಂದೇ ಒಂದು ವರ್ಷದ ಅಂತರಕ್ಕೆ ಅವನು 'ನೀವು', ಇವನು 'ನೀನು'. ಮೀನಿನ ಕೊಬ್ಬಿದ ನಡುತುಂಡು ಅವನಿಗೆ, ಬಾಲ ಇವನಿಗೆ. ಹೆಂಡದ ಮೊದಲ ಬಟ್ಟಲು ಅವನಿಗೆ, ಬಗ್ಗಿಸಿ ಕೊಡುವ ಕೆಲಸ ಇವನಿಗೆ. ಗಣಿಯೊಳಗೂ ಜೋಡಿಯಾಗಿ ಹೋಗುವಾಗ ಮುಂದೆ ಅವನು, ಹಿಂದೆ ಇವನು. ಅವನ ಬೆನ್ನು ನೋಡಿಕೊಂಡೇ ಇವನ ಅರ್ಧ ಆಯುಷ್ಯ ಸವೆದಿತ್ತು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಇಬ್ಬರ ವಯಸ್ಸೂ ಎಪ್ಪತ್ತರ ಆಸುಪಾಸಾಯಿತು, ಆದರೆ ಹಾವು ಹಾವೇ, ಕುದುರೆ ಕುದುರೆಯೇ. ಸಾಯುವುದರೊಳಗೆ ಒಂದೇ ಒಂದು ದಿನ ಪಾನ್ಸೊಕನಿಗೆ ಅಣ್ಣನಾಗಬೇಕು, ಒಂದು ದಿನ ಮುಂದಿನ ಸೀಟಿನಲ್ಲಿ ಕೂರಬೇಕು ಎನ್ನುವುದು ದಾಲ್ಸುವಿನ ಬಹುಕಾಲದ ಹೊಟ್ಟೆಯುರಿ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಮಾತ್ರ ದಿನಾ ಹೇಳುತ್ತಿದ್ದ.

"ಮುಖ ಯಾಕ್ರೀ ಹಾಗೆ ಮಾಡ್ಕೊಂಡಿದ್ದೀರಾ? ಹರಳೆಣ್ಣೆ ಕುಡಿದೋರ ಹಾಗೆ," ಎಂದಳು ಹೆಂಡತಿ ಒಕ್‌ಬುನ್, ಹಿಂದಿನ ಸೀಟಿನಲ್ಲಿ ಅವನನ್ನು ಒತ್ತರಿಸುತ್ತ. ವಿಮಾನ ಇಳಿದು ಹತ್ತು ಹೆಜ್ಜೆ ನಡೆಯುವುದರೊಳಗೆ ಅವಳು ಒಂದು ಚೀಲ ಕಿತ್ತಳೆ ಕೊಂಡಾಗಿತ್ತು.

"ನನ್ನ ಮುಖ ಇರೋದೇ ಹೀಗೆ."

"ಅದು ನಂಗೊತ್ತು. ಆದ್ರೂ ಪ್ರವಾಸಕ್ಕೆ ಅಂತ ಸ್ವಲ್ಪ ಬದಲಾಯಿಸ್ಕೊಳ್ಳಿ."

ಪ್ರವಾಸ ಹೊರಟಿದ್ದು ದಾಲ್ಸುವಿಗೆ ಎಪ್ಪತ್ತು ತುಂಬಿದ ನೆಪದಲ್ಲಿ. ಪಾನ್ಸೊಕನ ಹೆಂಡತಿಯೂ ಬರಬೇಕಿತ್ತು. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದವಳು, "ಹೋಗಿ ಬನ್ನಿ, ನಾಲ್ಕು ದಿನ ಮನೆಯಾದರೂ ತಣ್ಣಗಿರಲಿ" ಎಂದು ಮಗಳ ಮನೆಗೆ ಹೋಗಿಬಿಟ್ಟಿದ್ದಳು.

ವ್ಯಾನಿನ ಒಡತಿ ಇನ್ಸಿಲ್ ಆ ದ್ವೀಪದಲ್ಲೇ ಹುಟ್ಟಿ ಬೆಳೆದವಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಹಣೆಯ ಮೇಲೆ ಚಪ್ಪರದಷ್ಟು ದೊಡ್ಡ ಟೊಪ್ಪಿ. ವಯಸ್ಸಾದವರನ್ನು ಸುತ್ತಾಡಿಸುವುದೇ ಅವಳ ಕಸುಬು.

"ನನ್ನ ಗಾಡೀಲಿ ಆತುರ ಇಲ್ಲ. ಮೆಟ್ಟಿಲು ಕಮ್ಮಿ, ಶೌಚಾಲಯ ಜಾಸ್ತಿ. ಯಾರಿಗೆ ಎಲ್ಲಿ ನಿಲ್ಲಿಸ್ಬೇಕು ಅನ್ಸುತ್ತೋ ಅಲ್ಲಿ ಒಂದು ಮಾತು ಹೇಳಿ. ಮೊದಲು ಇದು ಹೇಳಿ, ನಿಮ್ಮಿಬ್ಬರಲ್ಲಿ ಯಾರು ದೊಡ್ಡವರು?"

ಪಾನ್ಸೊಕ್ ಕೈ ಎತ್ತಿದ.

"ಹಾಗಾದ್ರೆ ನೀವು ದೊಡ್ಡಪ್ಪ. ಹಿಂದಿರೋರು ಚಿಕ್ಕಪ್ಪ. ನಡೀರಿ ಹೋಗೋಣ."

ದಾಲ್ಸು ಒಂದು ಕಿತ್ತಳೆಯನ್ನು ಸಿಪ್ಪೆ ಸುಲಿಯದೆ ಹಿಸುಕಿದ.

ಸಮುದ್ರದ ದಂಡೆಯ ರಸ್ತೆ ಆ ದಿನ ನಿಜಕ್ಕೂ ಚೆನ್ನಾಗಿತ್ತು. ಒಂದು ಕಡೆ ಕಪ್ಪು ಕಲ್ಲಿನ ಮೇಲೆ ಅಲೆ ಒಡೆಯುತ್ತಿದ್ದರೆ ಇನ್ನೊಂದು ಕಡೆ ಸಾಸಿವೆ ಹೂವಿನ ಹೊಲ ಹಳದಿ ಬಳಿದುಕೊಂಡು ನಿಂತಿತ್ತು. ದಾಲ್ಸುವಿಗೆ ಕಂಡದ್ದು ಮಾತ್ರ ಪಾನ್ಸೊಕನ ಹಿಂದಲೆ. ಅವನು ಬಲಕ್ಕೆ ವಾಲಿದರೆ ಹಿಂದಲೆಯೂ ಬಲಕ್ಕೆ ವಾಲುತ್ತಿತ್ತು.

"ಅಲ್ಲಿ ನೋಡೋ ದಾಲ್ಸು, ಕುದುರೆ!"

"ಎಲ್ಲಿ ಅಣ್ಣಾ?"

"ಹೋಯ್ತು ಬಿಡು. ಚೆನ್ನಾಗಿತ್ತು."

ಮೊದಲು ನಿಂತದ್ದು ಸಮುದ್ರ ಕಾಣುವ ಒಂದು ಗುಡ್ಡದ ಮೇಲೆ. ಗಾಡಿ ಹೆಚ್ಚೂಕಮ್ಮಿ ತುದಿಯವರೆಗೂ ಹೋಗುತ್ತಿತ್ತು; ಆಮೇಲೆ ಹಲಗೆ ಹಾಸಿದ ದಾರಿ. ಗಣಿಯ ಧೂಳು ತುಂಬಿದ ಎದೆಗಳಿಗೆ ಅಷ್ಟೇ ಸಾಕಾಗಿತ್ತು. ಕೆಳಗೆ ಕಪ್ಪು ಕಲ್ಲಿನ ಗೋಡೆಗಳು ಹೊಲಹೊಲಕ್ಕೂ ಅಂಚು ಹೊಲಿದಿದ್ದವು. ಹಿಂದೆ ಹಲ್ಲಾಸಾನ್ ಬೆಟ್ಟ ಮೋಡದ ಟವೆಲ್ಲು ಸುತ್ತಿಕೊಂಡು ಕೂತಿತ್ತು. ಅಲ್ಲಿದ್ದ, ನಾಣ್ಯ ಹಾಕಿ ನೋಡುವ ದೊಡ್ಡ ದುರ್ಬೀನಿಗೆ ಪಾನ್ಸೊಕ್ ಕಣ್ಣಿಟ್ಟವನು ತೆಗೆಯಲೇ ಇಲ್ಲ. ದಾಲ್ಸುವಿನ ಸರದಿ ಬರುವಷ್ಟರಲ್ಲಿ ಅದು ಟಪ್ಪೆಂದು ಮುಚ್ಚಿಕೊಂಡಿತು.

"ಅಯ್ಯೋ, ನಿಂಗೆ ಸಿಗಲಿಲ್ವಾ? ನಾನು ಹೇಳ್ತೀನಿ ಬಿಡು ಏನೇನು ಕಾಣ್ತು ಅಂತ," ಎಂದ ಪಾನ್ಸೊಕ್ ದೊಡ್ಡ ಮನಸ್ಸಿನಿಂದ. ಆಮೇಲೆ ಊರುಗೋಲು ಪಕ್ಕಕ್ಕಿಟ್ಟು, ಕಟಕಟೆಗೆ ಒರಗಿ ಫೋಟೋಗೆ ನಿಂತ.

"ಎಡಭುಜ ಸ್ವಲ್ಪ ಎತ್ತಿ ಅಣ್ಣಾ, ವಾರೆಯಾಗಿ ಬರ್ತಿದೆ."

"ಅದು ಏಳೋದು ಇಷ್ಟೇ ಕಣೋ. ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಗಣಿಯಲ್ಲಿ ಒಮ್ಮೆ ಚಾವಣಿ ಕುಸಿದು ಆ ಭುಜ ಮುರಿದಿತ್ತು. ದಾಲ್ಸು ಕ್ಯಾಮೆರಾವನ್ನೇ ಓರೆಯಾಗಿ ಹಿಡಿದು ಸರಿ ಮಾಡಿದ.

ಮಧ್ಯಾಹ್ನ ಬಾಳೆಮೀನಿನ ಸಾರು. ನಡುತುಂಡು ಎಂದಿನಂತೆ ಪಾನ್ಸೊಕನ ತಟ್ಟೆಗೆ ಹೋಯಿತು. ಊಟದ ನಂತರ ತೋಟ ಎಂದಳು ಇನ್ಸಿಲ್.

ಅದು ಮುದುಕರಿಗೆಂದೇ ಮಾಡಿದಂತಿದ್ದ ತೋಟ. ಹತ್ತು ಹೆಜ್ಜೆಗೊಂದು ಬೆಂಚು, ಬೆಂಚಿಗೊಂದು ನೆರಳು. ಕೆಂಪು ಕಮೇಲಿಯಾ ಹೂಗಳು ಗಿಡದಲ್ಲಿರುವುದಕ್ಕಿಂತ ನೆಲದಲ್ಲೇ ಹೆಚ್ಚಿದ್ದವು. ಒಕ್‌ಬುನ್ ಅವನ್ನು ತುಳಿಯದಿರಲು ಕುಣಿಯುವವಳಂತೆ ಹೆಜ್ಜೆ ಹಾಕುತ್ತಿದ್ದಳು. ಹುಲ್ಲುಹಾಸಿನ ಕೊನೆಯಲ್ಲಿ ವರ್ಷಗಳ ಹನ್ನೆರಡು ಪ್ರಾಣಿಗಳನ್ನೂ ಕಲ್ಲಿನಲ್ಲಿ ಕಡೆದು ಅರ್ಧಚಂದ್ರದ ಹಾಗೆ ನಿಲ್ಲಿಸಿದ್ದರು. ಇಲಿಯಿಂದ ಹಂದಿಯವರೆಗೆ, ಸೊಂಟದೆತ್ತರ, ಸವರಿ ಸವರಿ ತಲೆಗಳೆಲ್ಲ ನುಣ್ಣಗಾಗಿದ್ದವು.

"ಬೇಗ ಬೇಗ! ಅಲ್ಲಿ ಒಂದು ಬಸ್ಸಿನ ಜನ ಬರ್ತಿದ್ದಾರೆ," ಇನ್ಸಿಲ್ ಕೂಗಿದಳು. "ಅವರು ಬಂದ್ರೆ ಒಂದು ಗಂಟೆ ಜಾಗ ಸಿಗಲ್ಲ. ಎಲ್ಲರೂ ಅವರವರ ಪ್ರಾಣಿ ಪಕ್ಕ ನಿಂತ್ಕೊಳ್ಳಿ, ಒಂದೇ ಫೋಟೋ. ಓಡಿ!"

ಎಲ್ಲರೂ ಓಡಿದರು, ಅಂದರೆ ಓಡಿದಂತೆ ನಡೆದರು. ಒಕ್‌ಬುನ್ ಆ ತುದಿಯ ಹುಂಜದ ಕೊರಳಿಗೆ ಕೈ ಹಾಕಿದಳು. ದಾಲ್ಸು ಕುದುರೆಯ ಪಕ್ಕ ಎದೆ ಸೆಟೆಸಿ ನಿಂತ. ಇನ್ಸಿಲ್ ಫೋನು ಎತ್ತಿದಳು, ಮತ್ತೆ ಇಳಿಸಿದಳು.

"ಚಿಕ್ಕಪ್ಪಾ, ನಗಿ ಸ್ವಲ್ಪ. ಎಡಗಡೆ ತಿರುಗಿ, ದೊಡ್ಡಪ್ಪನ ಕಡೆ."

ದಾಲ್ಸು ಬಲಕ್ಕೆ ತಿರುಗಿದ. ಯಾಕೆಂದರೆ ಹಾವು ಇದ್ದದ್ದು ಬಲಕ್ಕೆ. ಹಾವಿನ ಪಕ್ಕ ಯಾರೂ ಇರಲಿಲ್ಲ. ಸುರುಳಿ ಸುತ್ತಿಕೊಂಡ ಕಲ್ಲುಹಾವು ಒಂಟಿಯಾಗಿ ಬಿಸಿಲು ಕಾಯಿಸುತ್ತಿತ್ತು.

ಅವನು ಎಡಕ್ಕೆ ತಿರುಗಿದ. ಅಲ್ಲಿ, ಕುದುರೆಯ ನಂತರದ ಕುರಿಯ ಪಕ್ಕ, ಪಾನ್ಸೊಕ್ ನಿಂತಿದ್ದ. ಬರೀ ನಿಂತಿರಲಿಲ್ಲ, ಕುರಿಯ ತಲೆ ಸವರುತ್ತ ಹಲ್ಲು ಕಿರಿದು ಫೋಟೋಗೆ ಕಾಯುತ್ತಿದ್ದ.

"ಅಣ್ಣಾ," ಎಂದ ದಾಲ್ಸು. "ನೀವು ನಿಂತಿರೋದೆಲ್ಲಿ?"

"ಎಲ್ಲಿ ಅಂದ್ರೆ? ಇಲ್ಲೇ."

"ಅದು ಯಾವ ಪ್ರಾಣಿ?"

ಪಾನ್ಸೊಕ್ ಕೆಳಗೆ ನೋಡಿದ. ಬಿಸಿ ಬಾಣಲೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. "ಇಲ್ಲಿ... ನೆರಳಿತ್ತು," ಎಂದ.

"ಎಲ್ಲಿದೆ ನೆರಳು? ಮಂಡೆ ಕಾಯ್ತಿದೆ!"

"ಹಾವು ಅಂದ್ರೆ ನಂಗೆ ಮೊದಲಿಂದ್ಲೂ ಮೈ ಜುಮ್ ಅನ್ನುತ್ತೆ ಕಣೋ."

"ಐವತ್ತು ವರ್ಷ ನಾನು ಹಾವು, ನಾನು ಹಾವು ಅಂತ ನನ್ನ ತಲೆ ಮೇಲೆ ಕೂತಿದ್ರಲ್ಲ, ಆವಾಗ ಜುಮ್ ಅನ್ಲಿಲ್ವಾ? ನಿಮ್ಮಮ್ಮನ ಮೇಲೆ ಆಣೆ ಮಾಡಿ ಹೇಳಿ, ನೀವು ಹುಟ್ಟಿದ್ದು ಯಾವ ವರ್ಷ?"

ತಾಯಿಯ ಹೆಸರು ಬಂದದ್ದೇ ಪಾನ್ಸೊಕನ ಮುಖ ಇಳಿಯಿತು. ಅವನು ಮತ್ತೆ ಆ ಕುರಿಯ ತಲೆಯ ಮೇಲೆ ಕೈ ಇಟ್ಟ. "ಅಮ್ಮ ನನ್ನ ಕುರಿಮರಿ ಅಂತಲೇ ಕರೀತಿದ್ಲು. ಇನ್ಸಿಲ್ ಅವಸರ ಮಾಡಿದ್ಲಲ್ಲ, ಕಾಲು ತಾನಾಗೇ ಇಲ್ಲಿಗೆ ಬಂದುಬಿಡ್ತು."

ಬಸ್ಸಿನ ಜನ ಬಂದರು. ಅವರ ಪಾಲಿಗೆ ಅಲ್ಲೊಂದು ಬಿಟ್ಟಿ ನಾಟಕ ಸಿಕ್ಕಿತು. ದಾಲ್ಸು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದ: ಹಾವು, ಕುದುರೆ, ಕುರಿ. ಅಂದರೆ ತಾನೇ ದೊಡ್ಡವನು! ತಾನೇ ಅಣ್ಣ! ತಾನು ಬಗ್ಗಿಸಿ ಕೊಟ್ಟ ಬಟ್ಟಲುಗಳೆಷ್ಟು, ಹೊತ್ತ ಚೀಲಗಳೆಷ್ಟು, ತಿಂದ ಮೀನಿನ ಬಾಲಗಳೆಷ್ಟು!

"ಯಾಕೆ ಸುಳ್ಳು ಹೇಳಿದ್ರಿ?" ಎಂದು ಕೇಳಿದವನು ತಕ್ಷಣ ತಿದ್ದಿಕೊಂಡ. "ಯಾಕೋ ಸುಳ್ಳು ಹೇಳಿದೆ?"

ಆ 'ಯಾಕೋ' ಬಾಯಿಂದ ಹೊರಬಿದ್ದಾಗ ಅವನ ಮೈಯೆಲ್ಲ ತಂಪಾಯಿತು.

"ಚಳಿಗೆ," ಎಂದ ಪಾನ್ಸೊಕ್.

"ಏನು?"

"ಆ ಕೋಣೆ ನೆನಪಿದ್ಯಾ? ಎಂಟು ಜನ ನಾವು. ನೆಲದ ಕೆಳಗೆ ಬೆಂಕಿ ಹಾಕ್ತಿದ್ರು, ಬಿಸಿ ಆಗ್ತಿದ್ದದ್ದು ಒಲೆ ಕಡೆ ಒಂದು ಮೂಲೆ ಮಾತ್ರ. ಆ ಮೂಲೆ ಎಲ್ಲರಿಗಿಂತ ದೊಡ್ಡೋನಿಗೆ. ನಾನು ಹಿಮದಲ್ಲಿ ನಡ್ಕೊಂಡು ಬಂದಿದ್ದೆ, ಕಾಲ್ಚೀಲ ನೆಂದು ಕಲ್ಲಾಗಿತ್ತು. ಅಲ್ಲಿ ದೊಡ್ಡೋನು ಅಂತ ಮಲಗಿದ್ದೋನು ನೀನು, ಕುದುರೆ. ಅದಕ್ಕೇ ಹಾವು ಅಂದ್ಬಿಟ್ಟೆ. ಒಂದೇ ಒಂದು ರಾತ್ರಿಗೆ ಅಂತ ಹೇಳಿದ್ದು ಕಣೋ, ಬೆಳಗ್ಗೆ ಎದ್ದು ನಿಜ ಹೇಳೋಣ ಅಂತಿದ್ದೆ."

"ಹೇಳ್ಬೇಕಿತ್ತು!"

"ಹೇಗೆ ಹೇಳ್ಲಿ? ಬೆಳಗ್ಗೆ ಎದ್ದು ನೋಡಿದ್ರೆ ನೀನು ನನ್ನ ಬೂಟು ಒರೆಸಿ ಬಾಗಿಲಲ್ಲಿ ಇಟ್ಟು, 'ಅಣ್ಣಾ, ನಿದ್ದೆ ಬಂತಾ' ಅಂದೆ."

ಇನ್ಸಿಲ್ ನಗು ತಡೆಯಲಾರದೆ ಟೊಪ್ಪಿಯನ್ನು ಮುಖಕ್ಕೆಳೆದುಕೊಂಡಳು. ಒಕ್‌ಬುನ್ ಮಾತ್ರ ನಗಲಿಲ್ಲ. ಹುಂಜದ ಪಕ್ಕದಲ್ಲೇ ನಿಂತು ಕಿತ್ತಳೆ ಸುಲಿಯುತ್ತಿದ್ದಳು.

"ಆಯ್ತು," ದಾಲ್ಸು ಗಂಟಲು ಸರಿಮಾಡಿಕೊಂಡ. "ಇವತ್ತಿಂದ ನಾನು ಅಣ್ಣ. ನೀನು ತಮ್ಮ. ಮುಂದಿನ ಸೀಟು ನಂದು."

ಪಾನ್ಸೊಕ್ ಸಿಟ್ಟಾಗುತ್ತಾನೆ, ಕನಿಷ್ಠ ಪಕ್ಷ ನಾಚುತ್ತಾನೆ ಎಂದು ಅವನು ಕಾದ. ಆದರೆ ಆ ಮನುಷ್ಯ ಆಕಾಶ ನೋಡಿ ಉದ್ದಕ್ಕೆ ಉಸಿರು ಬಿಟ್ಟ, ಎರಡೂ ಕೈ ಜೋಡಿಸಿ ನಡು ಬಗ್ಗಿಸಿ, "ಅಪ್ಪಣೆ ಅಣ್ಣಾವ್ರೇ!" ಎಂದ. ಮುಖದಲ್ಲಿ ಹತ್ತು ವರ್ಷ ಕಳೆದುಹೋಗಿತ್ತು.

ದಾಲ್ಸು ಮುಂದಿನ ಸೀಟಿನಲ್ಲಿ ಕೂತ. ಬೆಲ್ಟ್ ಬಿಗಿದ. ಕಾಲು ಚಾಚಿದ. ಅಗಲವಾದ ಗಾಜಿನಿಂದ ಜೆಜು ದ್ವೀಪವೂ ಮಧ್ಯಾಹ್ನದ ಸೂರ್ಯನೂ ಒಟ್ಟಿಗೇ ಕಣ್ಣಿಗೆ ನುಗ್ಗಿದವು. ಅವನು ಕಣ್ಣು ಕಿರಿದು ಮಾಡಿಕೊಂಡು ಅಣ್ಣನ ಗತ್ತಿನಲ್ಲಿ ಕುಳಿತ.

"ದೊಡ್ಡಪ್ಪಾ," ಎಂದಳು ಇನ್ಸಿಲ್. ಯಾರನ್ನು ಕರೆದಳೆಂದು ಅವನಿಗೆ ಒಂದು ಗಳಿಗೆ ಹೊಳೆಯಲಿಲ್ಲ. "ಬೆಟ್ಟದ ದಾರೀಲಿ ಹೋಗೋಣ್ವಾ, ಸಮುದ್ರದ ದಾರೀಲಾ?"

ದಾಲ್ಸು ಹಿಂದೆ ತಿರುಗಿದ. "ಅಣ್ಣಾ, ಏನ—" ಎಂದವನು ನಾಲಿಗೆ ಕಚ್ಚಿಕೊಂಡ.

"ಅಣ್ಣ ಹೇಳಿದ ಹಾಗೆ!" ಹಿಂದಿನಿಂದ ಪಾನ್ಸೊಕ್ ಕೂಗಿದ, ಬಾಯಿ ತುಂಬ ಕಿತ್ತಳೆ. "ತಮ್ಮಂಗೇನು ಗೊತ್ತಾಗುತ್ತೆ? ನಾವು ಚಿಕ್ಕೋರು, ಕರ್ಕೊಂಡು ಹೋದ ಕಡೆ ಬರ್ತೀವಿ."

ದಾಲ್ಸು ಸಮುದ್ರ ಎಂದ. ಅಲ್ಲಿ ಗಾಳಿ ಜಾಸ್ತಿ ಎಂದು ಹಿಂದಿನಿಂದ ಗೊಣಗಾಟ ಬಂತು. ಬೆಟ್ಟ ಎಂದ. ಅಲ್ಲಿ ತಿರುವು ಜಾಸ್ತಿ ಎಂದಿತು ಅದೇ ಗೊಣಗಾಟ. ಸ್ವಲ್ಪ ಹೊತ್ತಿಗೆ ತಮ್ಮನಿಗೆ ಐಸ್‌ಕ್ರೀಂ ಬೇಕಾಯಿತು. ಅಣ್ಣ ಇಳಿದು, ಕೊಂಡು, ತಂದುಕೊಟ್ಟ. ಕಿತ್ತಳೆಯದು ಬೇಡವಾಗಿತ್ತು, ಕಡಲೆಕಾಯಿಯದು ಬೇಕಿತ್ತು ಎಂದ ತಮ್ಮ. ಅಣ್ಣ ಇನ್ನೊಮ್ಮೆ ಇಳಿದ. ಕಾಫಿ ಅಂಗಡಿಯವನು, "ದುಡ್ಡು ಯಾರು ಕೊಡೋದು?" ಎಂದು ಕೇಳಿದಾಗ ಪಾನ್ಸೊಕ್ ಗೋಡೆಯ ಮೇಲಿದ್ದ ಚಿತ್ರವನ್ನು ಎಷ್ಟು ತನ್ಮಯನಾಗಿ ನೋಡುತ್ತಿದ್ದನೆಂದರೆ ನೋಡಿದವರಿಗೆ ಅವನೇ ಅದನ್ನು ಬರೆದನೇನೋ ಅನ್ನಿಸಬೇಕು. ಆಮೇಲೆ ಹಿಂದಿನ ಸೀಟಿನಲ್ಲಿ ಹಾಡು ಶುರುವಾಯಿತು. ಪಾನ್ಸೊಕ್ ತೊಡೆ ತಟ್ಟಿಕೊಂಡು ಹಾಡುತ್ತಿದ್ದ, ಒಕ್‌ಬುನ್ ಚಪ್ಪಾಳೆ ಹಾಕುತ್ತಿದ್ದಳು. ಅವನು ಹಾಡುವುದನ್ನು ದಾಲ್ಸು ಇಷ್ಟು ವರ್ಷದಲ್ಲಿ ಕೇಳಿಯೇ ಇರಲಿಲ್ಲ. ಹಿರಿಯರು ಹಾಡುವುದಿಲ್ಲವಲ್ಲ, ಹಾಡಿಸುತ್ತಾರೆ.

'ನಾನು ಅಣ್ಣನಾದೆ. ಅವನಿಗೆ ಯಾಕೆ ಹಬ್ಬ?' ಎಂದು ದಾಲ್ಸು ಗಾಜಿನ ಕಡೆ ಮುಖ ಮಾಡಿ ಯೋಚಿಸಿದ.

ಗಾಳಿಗಿರಣಿಗಳ ಹತ್ತಿರದ ಒಂದು ನೋಟದ ತಾಣದಲ್ಲಿ ಇನ್ಸಿಲ್ ಗಾಡಿ ನಿಲ್ಲಿಸಿದಳು. ಬೇಲಿಯಾಚೆ ಗಿಡ್ಡ ಕುದುರೆಗಳು ಮೇಯುತ್ತಿದ್ದವು. ಪಾನ್ಸೊಕ್ ಅವುಗಳಿಗೆ ಕ್ಯಾರೆಟ್ ತಿನ್ನಿಸಬೇಕೆಂದು ಇನ್ಸಿಲಳನ್ನು ಎಳೆದುಕೊಂಡು ಹೋದ. ಗಂಡಹೆಂಡತಿ ಬೆಂಚಿನ ಮೇಲೆ ಉಳಿದರು.

"ಖುಷಿಯಾಯ್ತಾ ನಿಂಗೆ?" ದಾಲ್ಸು ಕೇಳಿದ. "ಈಗ ನೀನೇ ಹಿರೀ ಓರಗಿತ್ತಿ. ಇಷ್ಟು ವರ್ಷ ಭಾವ ಭಾವ ಅಂತ ಅವನ ಮುಂದೆ ತಲೆ ತಗ್ಗಿಸಿದ್ಯಲ್ಲ, ಅವನು ನಿಂಗೆ ಮೈದುನ! ಕೇಳಿ ತಲೆ ತಿರುಗಲಿಲ್ವಾ?"

"ಇಲ್ಲ," ಎಂದಳು ಒಕ್‌ಬುನ್. "ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಅವರು ಕುರಿ ಅಂತ. ಮದುವೆಗೆ ಜಾತಕ ನೋಡಿರ್ತಾರಲ್ಲ, ಅವರ ಹೆಂಡತಿಗೆ ಗೊತ್ತಿಲ್ದೆ ಇರುತ್ತಾ? ಅವರ ಭುಜ ಮುರಿದ ವರ್ಷ, ನಾವಿಬ್ರೂ ಕೂತು ಚಳಿಗಾಲದ ಕಿಮ್ಚಿಗೆ ಅಂತ ಎಲೆಕೋಸಿಗೆ ಉಪ್ಪು ಹಚ್ತಿದ್ವಿ. ಅಳ್ತಾ ಹೇಳಿದ್ಲು. 'ನನ್ನ ಗಂಡ ನಿನ್ನ ಗಂಡನಿಗಿಂತ ಚಿಕ್ಕೋನು ಕಣೇ. ಸುಳ್ಳು ಹೇಳಿ ಮುಂದೆ ನಿಂತಿದ್ದಾನೆ ಪೆದ್ದ. ನಿಜ ಹೇಳು ಅಂದ್ರೆ, ಇಷ್ಟು ದಿನ ಅಣ್ಣಾ ಅನ್ನಿಸ್ಕೊಂಡು ಈಗ ಅವನನ್ನ ಮುಂದೆ ತಳ್ಳಲಾ ಅಂತ ನನ್ನ ಮೇಲೇ ರೇಗ್ತಾನೆ' ಅಂದ್ಲು."

ದಾಲ್ಸುವಿನ ಬಾಯಿ ತೆರೆದೇ ಇತ್ತು. "ನೀನು ನಂಗೆ ಯಾಕೆ ಹೇಳ್ಲಿಲ್ಲ?"

ಒಕ್‌ಬುನ್ ಸಿಪ್ಪೆಗಳನ್ನು ಒಂದೊಂದಾಗಿ ಕರವಸ್ತ್ರದಲ್ಲಿ ಕಟ್ಟಿದಳು. ಗಂಡನ ಕಡೆ ನೋಡಲಿಲ್ಲ. "ಹೇಳಿದ್ರೆ ಮಾರನೇ ದಿನದಿಂದ ಮುಂದೆ ಹೋಗ್ತಿದ್ದೋರು ನೀವು. ನೀವೇನು ಸುಮ್ನಿರೋ ಪೈಕಿನಾ? ನಾನೇ ದೊಡ್ಡೋನು ಅಂತ ಆ ದೀಪ ಹಣೆಗೆ ಕಟ್ಕೊಂಡು ಹೊರಟುಬಿಡ್ತಿದ್ರಿ. ಬಗಲಲ್ಲಿ ಕೂಸಿತ್ತು ನಂಗೆ. ಸ್ವಾರ್ಥಿ ಅನ್ನಿ, ಏನಾದ್ರೂ ಅನ್ನಿ. ಬಾಯಿಗೆ ಬೀಗ ಹಾಕ್ಕೊಂಡೆ." ಕರವಸ್ತ್ರದ ಗಂಟು ಬಿಗಿದು ಮತ್ತೆ ಹೇಳಿದಳು, "ಪ್ರತಿ ವರ್ಷ ಕಿಮ್ಚೀದು ದೊಡ್ಡ ಜಾಡಿ ಅವರ ಮನೆಗೆ ಯಾಕೆ ಹೋಗ್ತಿತ್ತು ಅಂದ್ಕೊಂಡಿದ್ರಿ?"

ದಾಲ್ಸುವಿಗೆ ಗಣಿ ನೆನಪಾಯಿತು. ಆ ಜೋಡಿ ಕೆಲಸದಲ್ಲಿ ಮುಂದಿನವನು ಸಲಾಕೆಯಿಂದ ಚಾವಣಿ ತಟ್ಟುತ್ತ ಹೋಗಬೇಕು. ಸದ್ದು ಗಟ್ಟಿಯಾಗಿದ್ದರೆ ಹಿಂದಿನವನನ್ನು ಕರೆಯಬೇಕು. ಟೊಳ್ಳಾಗಿದ್ದರೆ ಕರೆಯಲು ಕೆಲವು ಸಲ ಸಮಯ ಇರುವುದಿಲ್ಲ. ಮುಂದೆ ನಿಲ್ಲುವವನು ಇಬ್ಬರಲ್ಲಿ ದೊಡ್ಡವನು ಎಂದು ಮೇಸ್ತ್ರಿ ಮೊದಲ ದಿನವೇ ತೀರ್ಮಾನಿಸಿದ್ದ. ಆ ದಿನ, ಚಾವಣಿ ಬಿದ್ದ ದಿನ, ದಾಲ್ಸುವಿನ ಮೈಮೇಲೆ ಬಿದ್ದದ್ದು ಧೂಳು ಮಾತ್ರ. ಒಂದು ರಾತ್ರಿಯ ಬೆಚ್ಚನೆಯ ಮೂಲೆಗೆ ಆ ಮನುಷ್ಯ ಇಷ್ಟು ಬೆಲೆ ತೆತ್ತಿದ್ದ. ಬೇಲಿಯ ಹತ್ತಿರ ಪಾನ್ಸೊಕ್ ಬಲಗೈಯಲ್ಲಿ ಕ್ಯಾರೆಟ್ ಹಿಡಿದು ನಗುತ್ತಿದ್ದ. ಎಡಭುಜ ಎಂದಿನಂತೆ ಇಳಿಬಿದ್ದಿತ್ತು. ದಾಲ್ಸುವಿನ ಕಣ್ಣು ತುಂಬಿಬಂತು. ಗಾಳಿ ಜೋರು ಎಂದು ಕಣ್ಣೊರೆಸಿಕೊಂಡ.

"ಇನ್ನೊಂದೇ ಜಾಗ," ಎಂದಳು ಇನ್ಸಿಲ್ ಎಲ್ಲರನ್ನೂ ಗಾಡಿಗೆ ಹತ್ತಿಸುತ್ತ. "ತಾಳೆಮರದ ತೋಟ, ತೋಟದ ಕೊನೇಲಿ ಒಂದು ಗುಹೆ. ಬೆಂಕಿಬೆಟ್ಟದ ಕಾಲದ್ದು. ಮೆಟ್ಟಿಲಿಲ್ಲ, ದೀಪ ಇದೆ, ಆಚೆ ಬಾಗಿಲಲ್ಲಿ ಐಸ್‌ಕ್ರೀಂ ಇದೆ."

"ಕಡಲೆಕಾಯಿದಾ?" ಪಾನ್ಸೊಕ್ ಕೇಳಿದ.

ತೋಟವನ್ನೆಲ್ಲ ಅವರು ಹರಟುತ್ತಲೇ ದಾಟಿದರು. ಗುಹೆಯ ಬಾಯಿಗೆ ಬಂದರು. ಒಳಗಿನಿಂದ ತಣ್ಣನೆಯ ಗಾಳಿ ಬಂದು ಮುಖಕ್ಕೆ ತಾಗಿತು. ಒದ್ದೆ ಕಲ್ಲಿನ ವಾಸನೆ. ಇಬ್ಬರು ಮುದುಕರಿಗೂ ಆ ವಾಸನೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಡೀರಿ ದೊಡ್ಡಪ್ಪ, ನೀವೇ ಮುಂದೆ. ದಾರಿ ಒಬ್ಬೊಬ್ಬರಿಗೇ ಆಗೋದು," ಎಂದಳು ಇನ್ಸಿಲ್.

ದಾಲ್ಸು ಕಾಲೆತ್ತಲು ನೋಡಿದ. ಎತ್ತಿದ್ದನ್ನು ಮತ್ತೆ ಅಲ್ಲೇ ಇಟ್ಟ. ಅಷ್ಟು ವರ್ಷ ಗಣಿಯಲ್ಲಿ ದುಡಿದವನು ಒಮ್ಮೆಯೂ ಒಂದು ಬಿಲದೊಳಗೆ ಮೊದಲು ಕಾಲಿಟ್ಟವನಲ್ಲ. ಅವನ ಕಣ್ಣೆದುರು ಯಾವಾಗಲೂ ಒಂದು ಬೆನ್ನಿತ್ತು. ಈಗ ಅಲ್ಲಿ ಬರೀ ಕತ್ತಲೆ, ನಡುನಡುವೆ ಹಳದಿ ದೀಪ.

ಪಾನ್ಸೊಕ್ ಅವನ ಮುಖ ನೋಡಿದ. ಚೇಷ್ಟೆ ಬಿಟ್ಟು ಮೆಲ್ಲಗೆ, "ಬಿಡೋ ದಾಲ್ಸು, ನಾನು ಹೋಗ್ತೀನಿ ಮುಂದೆ. ನಂಗೆ ಅಭ್ಯಾಸ," ಎಂದು ಪಕ್ಕದಿಂದ ನುಸುಳಿದ.

ದಾಲ್ಸು ಅವನ ತೋಳು ಹಿಡಿದ.

"ಭಯ ಆಗ್ತಿರ್ಲಿಲ್ವಾ ನಿಂಗೆ?"

"ಆಗ್ದೆ ಇರುತ್ತಾ? ದಿನಾ ಆಗ್ತಿತ್ತು. ಆದ್ರೆ ಅಣ್ಣ ಅಂತ ಹೇಳ್ಕೊಂಡುಬಿಟ್ಟಿದ್ನಲ್ಲ. ಹಿಂದೆ ತಿರುಗಿದ್ರೆ ನೀನು ಕಣ್ಣು ಬಿಟ್ಕೊಂಡು ನನ್ನೇ ನೋಡ್ತಿರ್ತಿದ್ದೆ. ಆಮೇಲೆ ಹೋಗ್ದೆ ಏನ್ ಮಾಡ್ಲಿ?"

"ಕೊಡು ಇಲ್ಲಿ," ಎಂದ ದಾಲ್ಸು, ಅವನ ಊರುಗೋಲಿಗೆ ಕೈ ಚಾಚಿ.

"ಯಾಕೆ?"

"ಕೊಡು ಅಂದ್ರೆ ಕೊಡು."

ಊರುಗೋಲು ಹಿಡಿದು ದಾಲ್ಸು ಒಳಗೆ ಕಾಲಿಟ್ಟ. ಒಂದು ಹೆಜ್ಜೆ. ಇನ್ನೊಂದು. ಕೋಲೆತ್ತಿ ತಲೆಯ ಮೇಲಿನ ಕಲ್ಲನ್ನು ತಟ್ಟಿದ: ಟಕ್, ಟಕ್. ಕಿವಿಗೊಟ್ಟ. ಮತ್ತೆ ಮುಂದೆ ಹೋಗಿ ತಟ್ಟಿದ.

"ದೊಡ್ಡಪ್ಪಾ, ಅದೇನೂ ಬೀಳಲ್ಲ, ಸಾವಿರಾರು ವರ್ಷದ್ದು!" ಇನ್ಸಿಲ್ ಹೊರಗಿನಿಂದ ಕೂಗಿದಳು.

"ಸುಮ್ನಿರಮ್ಮ," ಎಂದಳು ಒಕ್‌ಬುನ್. "ತಟ್ಟಲಿ."

ಮೊದಲನೆಯ ದೀಪದ ಕೆಳಗೆ ನಿಂತು ದಾಲ್ಸು ಹಿಂದೆ ತಿರುಗಿದ. ಗುಹೆಯ ಬಾಯಲ್ಲಿ, ಬೆಳಕಿಗೆ ಬೆನ್ನು ಕೊಟ್ಟು, ಒಂದು ಭುಜ ಇಳಿದ ಮನುಷ್ಯನೊಬ್ಬ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದ. ಕರೆಯುವ ಮಾತು ಇಬ್ಬರಿಗೂ ಗೊತ್ತಿದ್ದದ್ದೇ. ಅದನ್ನು ಹೇಳುವ ಸರದಿ ಮಾತ್ರ ದಾಲ್ಸುವಿಗೆ ಯಾವತ್ತೂ ಬಂದಿರಲಿಲ್ಲ.

"ಗಟ್ಟಿ ಇದೆ," ಎಂದ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. "ಗಟ್ಟಿ ಇದೆ. ನೀವು ಬನ್ನಿ, ಅಣ್ಣಾ."

ಪಾನ್ಸೊಕ್ ತೋಳಿನಿಂದ ಮೂಗೊರೆಸಿಕೊಂಡು ಒಳಗೆ ಬಂದ.

"ಬಂದೆ ಕಣೋ. ಅದ್ಸರಿ, ಹಿಂದೆ ನಡೆಯೋದು ಇಷ್ಟು ಆರಾಮ ಅಂತ ನಂಗೆ ಒಂದು ದಿನಾನೂ ಯಾಕೆ ಹೇಳ್ಲಿಲ್ಲ ನೀನು?"

ಆಚೆ ಬಾಗಿಲಲ್ಲಿ ಕಡಲೆಕಾಯಿ ಐಸ್‌ಕ್ರೀಂ ಸಿಕ್ಕಿತು. ದುಡ್ಡು ಕೊಡಲು ಇಬ್ಬರೂ ಒಟ್ಟಿಗೇ ಜೇಬಿಗೆ ಕೈ ಹಾಕಿ ಅಂಗಡಿಯ ಮುಂದೆ ಸಣ್ಣ ಜಗಳವಾಯಿತು. ಆ ಜಗಳ ವ್ಯಾನಿನವರೆಗೂ ಬಂತು.

"ನೀವು ಕೂತ್ಕೊಳ್ಳಿ ಅಣ್ಣಾ ಮುಂದೆ."

"ನಾನ್ಯಾಕೆ? ನೀನೇ ದೊಡ್ಡೋನು, ನೀನು ಕೂತ್ಕೋ."

"ವರ್ಷ ಏನಾದ್ರೂ ಇರಲಿ. ನೀವೇ ಅಣ್ಣ."

"ಬೇಡಪ್ಪಾ, ಕೈ ಮುಗೀತೀನಿ! ತಮ್ಮನಾಗಿ ಒಂದು ಮಧ್ಯಾಹ್ನ ಕಳ್ದಿದ್ದೀನಿ, ಅದನ್ನೂ ಕಿತ್ಕೋತೀಯಾ?"

"ಈಗ ನಾನು ದೊಡ್ಡಪ್ಪ ಅಂತ ಕರೀಬೇಕಾದ್ದು ಯಾರನ್ನ?" ಇನ್ಸಿಲ್ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೇಳಿದಳು. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಅಷ್ಟರಲ್ಲಿ ಮುಂದಿನ ಬಾಗಿಲು ಧಡ್ಡೆಂದು ಹಾಕಿಕೊಂಡಿತು. ಒಕ್‌ಬುನ್ ಒಳಗೆ ಕೂತು, ಬೆಲ್ಟ್ ಬಿಗಿದು, ಕಾಲು ಚಾಚಿ, ಕಿತ್ತಳೆಯ ಚೀಲವನ್ನು ಕಿಟಕಿಯಿಂದ ಹೊರಗೆ ಚಾಚಿದಳು.

"ಇದನ್ನ ಸ್ವಲ್ಪ ಹಿಂದೆ ಇಟ್ಕೊಳ್ಳಿ," ಎಂದಳು. "ಇನ್ಸಿಲ್, ಸಮುದ್ರದ ದಾರೀಲಿ ನಡಿ."

ಇಬ್ಬರೂ ಹಿಂದೆ ಹತ್ತಿದರು. ಹಲ್ಲಾಸಾನ್ ಬೆಟ್ಟ ಆಗ ತಾನೇ ಮೋಡ ಬಿಚ್ಚಿ ನಿಂತಿತ್ತು. ಒಕ್‌ಬುನ್ ಅದನ್ನು ಕಣ್ತುಂಬ ನೋಡಿದಳು. ಹಿಂದಿನ ಇಬ್ಬರಿಗೂ ಅವಳ ಹಿಂದಲೆ ಬಿಟ್ಟು ಬೇರೇನೂ ಕಾಣಲಿಲ್ಲ. ದಾಲ್ಸು ಒಂದು ಕಿತ್ತಳೆ ಸುಲಿದು, ದೊಡ್ಡ ಅರ್ಧವನ್ನು ಪಾನ್ಸೊಕನ ಕೈಗಿಟ್ಟ.